ಆಡಿಷನ್ ಹಾಳೆ ಕೈಗೆ ಬಂದ ಮೇಲೆ

ಧಾರಾವಾಹಿ ಆಡಿಷನ್‌ಗೆ ಸಾಮಾನ್ಯವಾಗಿ ಕೊಡುವುದು ಅರ್ಧ ಪುಟದಿಂದ ಒಂದು ಪುಟದ ದೃಶ್ಯ. ಕೆಲವರು ಹಿಂದಿನ ರಾತ್ರಿಯೇ ವಾಟ್ಸಾಪ್ ಮಾಡುತ್ತಾರೆ, ಕೆಲವರು ಬಾಗಿಲಲ್ಲಿ ಹಾಳೆ ಕೊಟ್ಟು ಹತ್ತು ನಿಮಿಷ ಬಿಡುತ್ತಾರೆ. ಹೇಗೆ ಬಂದರೂ ನಾನು ಮೊದಲು ಮಾಡುವ ಕೆಲಸ ಒಂದೇ: ಮಾತನ್ನು ಯಾವ ಭಾವವೂ ಇಲ್ಲದೆ, ಮಗ್ಗಿ ಒಪ್ಪಿಸುವ ಹಾಗೆ ಬಾಯಿಪಾಠ ಮಾಡಿಕೊಳ್ಳುವುದು.

ಅಳುತ್ತಾ ಕಲಿತ ಮಾತು ಅಳುವಿನ ಜೊತೆಗೇ ಅಂಟಿಕೊಳ್ಳುತ್ತದೆ. ಮೊದಲ ಟೇಕ್ ಆದ ಮೇಲೆ ‘ಇದನ್ನೇ ನಗ್ತಾ ಹೇಳಿ ನೋಡೋಣ’ ಅಂದರೆ ರಾಗ ಬದಲಾಗುವುದಿಲ್ಲ. ಬಲವಂತವಾಗಿ ಬದಲಿಸಲು ಹೋದರೆ ಮಾತೇ ಮರೆತುಹೋಗುತ್ತದೆ. ಹೀಗೆ ಬದಲಿಸಿ ಹೇಳಲು ಬರುತ್ತದೆಯೇ ಎಂಬುದನ್ನೇ ಆಯ್ಕೆ ಮಾಡುವವರು ಎರಡನೇ ಟೇಕ್‌ನಲ್ಲಿ ಹುಡುಕುವುದು. ದಿನಕ್ಕೆ ಹಲವು ದೃಶ್ಯ ಮುಗಿಸಬೇಕಾದ ಸೆಟ್‌ನಲ್ಲಿ, ಹೇಳಿದ್ದನ್ನು ತಕ್ಷಣ ಹಿಡಿಯುವ ನಟ ಅವರಿಗೆ ಬೇಕು.

ದೃಶ್ಯವನ್ನು ಒಮ್ಮೆ ಕೈಯಲ್ಲಿ ಬರೆಯುತ್ತೇನೆ, ಅಲ್ಪವಿರಾಮ, ಆಶ್ಚರ್ಯಸೂಚಕ ಎಲ್ಲ ಬಿಟ್ಟು. ಆಮೇಲೆ ಪಾತ್ರೆ ತೊಳೆಯುತ್ತಲೋ ನಡೆಯುತ್ತಲೋ ಗಡಗಡ ಹೇಳುವುದು. ಎದುರಿನವರ ಪ್ರತಿ ಮಾತಿನ ಕೊನೆಯ ಎರಡು ಮೂರು ಪದಗಳನ್ನೂ ಕಲಿಯಬೇಕು, ನನ್ನ ಮಾತು ಹುಟ್ಟುವುದು ಅಲ್ಲಿಂದ. ಮಾತು ಕೂತ ಮೇಲಷ್ಟೇ ಪ್ರಶ್ನೆಗಳು: ದೃಶ್ಯಕ್ಕೆ ಐದು ನಿಮಿಷ ಮುಂಚೆ ಏನಾಗಿತ್ತು? ಎದುರಿಗಿರುವವರಿಂದ ನನಗೇನು ಬೇಕು? ಅಂಚಿನಲ್ಲಿ ‘ಕೋಪ’, ‘ದುಃಖ’ ಎಂದು ಗುರುತು ಹಾಕಿದರೆ ಹುಬ್ಬು ಗಂಟಿಕ್ಕುವುದು ಬಿಟ್ಟು ಬೇರೇನೂ ಆಗುವುದಿಲ್ಲ. ಬೇಡು, ಚುಚ್ಚು, ಮುಚ್ಚಿಡು, ಹೀಗೆ ಮಾಡಬಹುದಾದ ಕೆಲಸವನ್ನೇ ಬರೆದುಕೊಳ್ಳಿ.

ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಓದುವವರು ಬೆಂಗಳೂರಿನಲ್ಲಿ ಬಹಳ ಜನ. ಅಲ್ಲಿ ಲ–ಳ, ನ–ಣ ಕಲಸಿಹೋಗುತ್ತವೆ, ಓದಿನ ವೇಗವೂ ಸತ್ತುಹೋಗುತ್ತದೆ. ಹಕಾರ ಬಿದ್ದುಹೋಗುವ ಅಭ್ಯಾಸವಿದ್ದವರು ದಿನಪತ್ರಿಕೆಯನ್ನು ದಿನಾ ಹತ್ತು ನಿಮಿಷ ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಧಾರವಾಡದ್ದೋ ಮಂಡ್ಯದ್ದೋ ಮಾತು ಬರುತ್ತದೆಯೇ ಎಂದು ಕೇಳಿದಾಗ, ಬರದಿದ್ದರೆ ಬರುವುದಿಲ್ಲ ಎನ್ನಿ. ಅರೆಬರೆ ಅನುಕರಣೆ ಗೇಲಿಯಾಗಿ ಕೇಳಿಸುತ್ತದೆ. ಈಜು, ಬೈಕ್ ಬಗ್ಗೆಯೂ ಅಷ್ಟೇ.

ಬಟ್ಟೆ ಒಂದೇ ಬಣ್ಣದ್ದಿರಲಿ. ಸಣ್ಣ ಗೆರೆ, ಸಣ್ಣ ಚೌಕಳಿ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಕುಣಿಯುತ್ತವೆ. ಅಚ್ಚ ಬಿಳಿ ಮುಖದ ಬೆಳಕನ್ನು ನುಂಗುತ್ತದೆ. ಫೋಟೋಗೆ ಫಿಲ್ಟರ್ ಬೇಡ. ಒಳಗೆ ಬಂದ ಮುಖ ಫೋಟೋದ ಹಾಗಿಲ್ಲದಿದ್ದರೆ ಮೊದಲ ನಿಮಿಷ ಅದರಲ್ಲೇ ಹೋಗುತ್ತದೆ.

ನಾಗರಬಾವಿ, ರಾಜರಾಜೇಶ್ವರಿ ನಗರದ ಕಡೆ ಆಫೀಸು ಎಷ್ಟೋ ಸಲ ಯಾವುದೋ ಮನೆಯ ಮೊದಲ ಮಹಡಿ. ಲೊಕೇಶನ್ ಹಿಂದಿನ ದಿನವೇ ತರಿಸಿಕೊಂಡು ಅರ್ಧ ಗಂಟೆ ಮುಂಚೆ ಅಲ್ಲಿರಿ. ಎರಡು ಮೂರು ಗಂಟೆ ಕಾಯಬೇಕಾದೀತು, ನೀರು ಮತ್ತು ಬಾಳೆಹಣ್ಣು ಬ್ಯಾಗಿನಲ್ಲಿರಲಿ. ಬಾಗಿಲ ಪಕ್ಕ ಮಾತ್ರ ಕೂರಬೇಡಿ. ಒಳಗೆ ಕಿರುಚುವವರ ಧ್ವನಿ ಕೇಳಿಸುತ್ತದೆ, ನಿಮ್ಮ ಮೆತ್ತನೆಯ ಟೇಕ್ ಅಲ್ಲಿಗೇ ಕೆಟ್ಟಿತು.

ಒಳಗೆ ಮೊದಲು ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆಗಳು. ಆಮೇಲೆ ಎಡ–ಬಲ ತಿರುಗಿ ತೋರಿಸುವುದು. ಲೆನ್ಸ್ ನೋಡುವುದು ಇಷ್ಟಕ್ಕೆ ಮಾತ್ರ. ದೃಶ್ಯದಲ್ಲಿ ನೋಟ ಲೆನ್ಸಿನ ಪಕ್ಕದಲ್ಲಿ, ಕಣ್ಣಿನ ಮಟ್ಟದಲ್ಲಿರಬೇಕು. ‘ಸರ್, ಫ್ರೇಮ್ ಎಲ್ಲಿವರೆಗಿದೆ?’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಎದೆವರೆಗಿದ್ದರೆ ಸೊಂಟದ ಹತ್ತಿರ ಆಡಿಸುವ ಕೈ ಕಾಣುವುದಿಲ್ಲ, ಭುಜ ಕುಲುಕುವುದಷ್ಟೇ ಕಾಣುತ್ತದೆ. ರವೀಂದ್ರ ಕಲಾಕ್ಷೇತ್ರದಂಥ ರಂಗಮಂದಿರದ ಕೊನೆಯ ಸಾಲಿಗೆ ಧ್ವನಿ ಮುಟ್ಟಿಸಿ ರೂಢಿಯಾದ ನಮ್ಮಂಥ ನಾಟಕದವರಿಗೆ ಇದು ಕಷ್ಟ; ಮೇಜಿನಾಚೆ ಕೂತವರಿಗೆ ಕೇಳಿಸುವಷ್ಟು ಸಾಕು.

ಎದುರು ಮಾತು ಓದುವವರು ಸಾಮಾನ್ಯವಾಗಿ ಅಸಿಸ್ಟೆಂಟ್. ಸಪ್ಪೆಯಾಗಿ, ತಲೆ ಎತ್ತದೆ ಓದುತ್ತಾರೆ. ಆದರೂ ಕೇಳಿಸಿಕೊಳ್ಳಿ. ಅವರು ಓದುವಾಗಲೂ ಕ್ಯಾಮೆರಾ ಇರುವುದು ನಿಮ್ಮ ಮುಖದ ಮೇಲೇ. ಮುಂದಿನ ಸಾಲು ನೆನಪಿಸಿಕೊಳ್ಳುತ್ತಿರುವ ಕಣ್ಣು ಎದ್ದು ಕಾಣುತ್ತದೆ. ಮಾತು ತಪ್ಪಿದರೆ ಸಾರಿ ಹೇಳದೆ ಮುಂದುವರಿಸಿ, ಕಟ್ ಹೇಳುವುದು ಆಡಿಷನ್ ತೆಗೆಯುವವರ ಕೆಲಸ. ‘ಸ್ವಲ್ಪ ಕಮ್ಮಿ ಮಾಡಿ’ ಅಂದರೆ ಧ್ವನಿ ತಗ್ಗಿಸಿ ಎಂದೇ ಎಲ್ಲರೂ ತಿಳಿಯುತ್ತಾರೆ. ಹೆಚ್ಚಿನ ಸಲ ಅವರು ಹೇಳುತ್ತಿರುವುದು ಹುಬ್ಬು, ತಲೆಯಾಟದ ಬಗ್ಗೆ. ಯಾವುದು ಎಂದು ಒಮ್ಮೆ ಕೇಳಿ, ವಾದ ಬೇಡ.

ಮನೆಯಿಂದ ವಿಡಿಯೋ ಕಳಿಸುವುದಾದರೆ ಫೋನ್ ಅಡ್ಡವಾಗಿ, ಕಣ್ಣಿನೆತ್ತರಕ್ಕೆ. ಕಿಟಕಿ ನಿಮ್ಮ ಮುಂದಿರಲಿ, ಬೆನ್ನ ಹಿಂದಲ್ಲ. ಫ್ಯಾನ್ ಆರಿಸಿ. ಹಾರ್ನ್, ಕುಕ್ಕರ್ ಶುರುವಾಗುವ ಮೊದಲು, ಬೆಳಕು ಹರಿದ ಕೂಡಲೇ ಮುಗಿಸುವುದು ಒಳ್ಳೆಯದು. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಮುಖ ಮಸುಕಾಗುತ್ತದೆ. ಡ್ರೈವ್ ಲಿಂಕ್ ಆದರೆ ಯಾರು ಬೇಕಾದರೂ ತೆರೆಯುವಂತಿರಬೇಕು. ಅನುಮತಿ ಕೇಳುವ ಲಿಂಕಿಗಾಗಿ ಯಾರೂ ಕಾಯುವುದಿಲ್ಲ. ಫೈಲಿಗೆ ನಿಮ್ಮ ಹೆಸರು, ಪಾತ್ರದ ಹೆಸರು ಕೊಡಿ.

ಆಡಿಷನ್ ಏನಾಯಿತೆಂದು ಕೇಳಲು ವಾರದ ನಂತರ ಒಂದು ಮೆಸೇಜ್ ಸಾಕು. ‘ರಿಜಿಸ್ಟ್ರೇಷನ್’, ‘ಪೋರ್ಟ್‌ಫೋಲಿಯೊ’ ಎಂದು ದುಡ್ಡು ಕೇಳಿದರೆ ಎದ್ದು ಬನ್ನಿ. ಆಡಿಷನ್‌ಗೆ ನಟರು ದುಡ್ಡು ಕೊಡುವ ಪದ್ಧತಿಯಿಲ್ಲ, ಆಯ್ಕೆಯಾದವರಿಗೆ ದುಡ್ಡು ಕೊಡಬೇಕಾದವರು ಅವರು.