ಹಳೇ ಲೈಟು ಕೊಳ್ಳಲು ಹೋದಾಗ ಚೀಲದಲ್ಲಿ ಒಂದು ಖಣ

ಬಾಗಲಕೋಟೆಯ ನವನಗರದಲ್ಲಿ ನಮ್ಮ ತಂಡ ನಡೆಸುವ ರಂಗಮಂದಿರ ದೊಡ್ಡದೇನಲ್ಲ. ನೂರಿಪ್ಪತ್ತು ಕುರ್ಚಿ, 24 ಅಡಿ ಅಗಲದ ವೇದಿಕೆ, 14 ಅಡಿ ಎತ್ತರದಲ್ಲಿ ಲೈಟು ತೂಗುಹಾಕಲು ಮೂರು ಸಾಲು ಕಬ್ಬಿಣದ ಪೈಪು. ಹೊಸ ಲೈಟುಗಳಿಗೆ ಕೊಟೇಶನ್ ತರಿಸಿ ನೋಡಿದರೆ ಅಷ್ಟು ದುಡ್ಡಿನಲ್ಲಿ ಎರಡು ವರ್ಷ ನಾಟಕವನ್ನೇ ಆಡಬಹುದಿತ್ತು. ಬೆಳಕಿನ ಜವಾಬ್ದಾರಿ ನನ್ನ ಹೆಗಲಿಗಿದ್ದುದರಿಂದ ಸೆಕೆಂಡ್ ಹ್ಯಾಂಡ್ ಹುಡುಕುವ ಕೆಲಸವೂ ನನಗೇ ಬಂತು.

ನಮ್ಮ ಕಡೆ ಹಳೇ ಲೈಟು ಸಿಗುವುದು ಮುಖ್ಯವಾಗಿ ಮೂರು ಕೈಗಳಿಂದ. ಮೊದಲನೆಯವರು ಮದುವೆ, ಆರ್ಕೆಸ್ಟ್ರಾಗಳಿಗೆ ಬಾಡಿಗೆ ಕೊಡುವ ಸೌಂಡ್-ಲೈಟಿನವರು. ಹೊಸ ಶಾರ್ಪಿ (ಕಡ್ಡಿಯಂಥ ಬೆಳಕು ಬಿಟ್ಟು ತಿರುಗುವ ಲೈಟು) ಬಂದ ಕೂಡಲೇ ಹಳೇ ಎಲ್‌ಇಡಿ ಪಾರ್‌ಗಳನ್ನು (ಬಣ್ಣದ ಬೆಳಕು ಚೆಲ್ಲುವ ಡಬ್ಬಿಯಂಥ ಲೈಟು) ಮಾರಿಬಿಡುತ್ತಾರೆ. ಎರಡನೆಯವರು ನಾಟಕ ಕಂಪನಿಯವರು. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಟೆಂಟು ಹೊಡೆದು ವಾರಗಟ್ಟಲೆ ಆಡುತ್ತವೆ. ಯಾರ ಹತ್ತಿರ ಏನು ಮಾರಾಟಕ್ಕಿದೆ ಎಂಬುದು ಅಲ್ಲಿ ಚಹಾದಂಗಡಿಯಲ್ಲೇ ಗೊತ್ತಾಗುತ್ತದೆ. ಮೂರನೆಯದು ಕೊಲ್ಹಾಪುರ ಕಡೆಯ ಶೂಟಿಂಗ್ ಯೂನಿಟ್‌ಗಳು. ಅವರು ‘ಬೇಬಿ’ ಎಂದು ಕರೆಯುವ ಒಂದು ಕಿಲೋವ್ಯಾಟ್ ಫ್ರೆನೆಲ್ (ಮೃದು ಅಂಚಿನ ಬೆಳಕು ಬಿಡುವ ಲೈಟು) ನಮ್ಮಂಥ ವೇದಿಕೆಗೆ ಹೇಳಿ ಮಾಡಿಸಿದ್ದು.

ಹೊರಡುವ ಮೊದಲೇ ಒಂದು ಲೆಕ್ಕ ಮಾಡಿಟ್ಟುಕೊಂಡಿದ್ದೆ. ಮುಂದಿನ ಪೈಪಿನಿಂದ ನಟನ ಮುಖಕ್ಕೆ ಓರೆಯಾಗಿ ಸುಮಾರು 5 ಮೀಟರ್. ಅಷ್ಟು ದೂರದಲ್ಲಿ 26 ಡಿಗ್ರಿ ಪ್ರೊಫೈಲ್ (ಚೂಪು ಅಂಚಿನ ಬೆಳಕು ಬಿಡುವ ಲೈಟು; ಡಿಗ್ರಿ ಎಂದರೆ ಬೆಳಕು ಹರಡುವ ಕೋನ) 2.3 ಮೀಟರ್ ಅಗಲದ ವೃತ್ತ ಬಿಡಿಸುತ್ತದೆ, 36 ಡಿಗ್ರಿಯದು 3.2 ಮೀಟರ್. 19 ಡಿಗ್ರಿಯದಾದರೆ ಬರೀ 1.7. ದೊಡ್ಡ ಸಭಾಂಗಣದಿಂದ ಹೊರಬಿದ್ದ 19 ಡಿಗ್ರಿ ಪ್ರೊಫೈಲ್‌ಗಳು ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಮಗೆ ಉಪಯೋಗವಿಲ್ಲ, ಒಬ್ಬ ನಟ ಒಂದು ಹೆಜ್ಜೆ ಸರಿದರೆ ಕತ್ತಲೆಗೆ ಬೀಳುತ್ತಾನೆ. ಈ ಲೆಕ್ಕ ಕೈಲಿಲ್ಲದೆ ಅಂಗಡಿಗೆ ಹೋದರೆ ಮಾರುವವರ ಮಾತೇ ಕೊನೆಯಾಗುತ್ತದೆ.

ಹ್ಯಾಲೊಜೆನ್ ಲೈಟುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಹಳೆಯದೆಂದು ಹೆದರಬೇಕಿಲ್ಲ. ಪಾರ್ 64 ಕ್ಯಾನನ್ನೇ ನೋಡಿ. ಅದರ ಲೆನ್ಸು, ರಿಫ್ಲೆಕ್ಟರು ಎರಡೂ ಬಲ್ಬಿನೊಳಗೇ ಇರುತ್ತವೆ. ಉಳಿದದ್ದು ತಗಡು, ಒಂದು ಪಿಂಗಾಣಿ ಹೋಲ್ಡರ್, ಒಂದಿಷ್ಟು ವೈರು. ತಗಡು ನೆಗ್ಗಿದ್ದರೆ ಬೆಲೆ ಇಳಿಸಲು ಅನುಕೂಲವೇ. ಫ್ರೆನೆಲ್‌ನಲ್ಲಿ ಲೆನ್ಸಿನ ಬಿರುಕು, ರಿಫ್ಲೆಕ್ಟರಿನ ಕಲೆ, ಬಲ್ಬನ್ನು ಹಿಂದೆ ಮುಂದೆ ಸರಿಸುವ ಸ್ಕ್ರೂ ನೋಡಿದರೆ ಸಾಕು. ಅಸಲಿ ಪರೀಕ್ಷೆ ಹೋಲ್ಡರಿನದು. ಬಲ್ಬು ಬಿಚ್ಚಿ ಟಾರ್ಚ್ ಹಿಡಿದು ಕಾಂಟ್ಯಾಕ್ಟ್ ನೋಡಬೇಕು. ಕಪ್ಪಾಗಿ, ಗುಳಿ ಬಿದ್ದಿದ್ದರೆ ಅಲ್ಲಿ ಕಿಡಿ ಹಾರಿದೆ ಎಂದರ್ಥ. ಅಂಥ ಹೋಲ್ಡರಿಗೆ ಹೊಸ ಬಲ್ಬು ಹಾಕಿದರೆ ಅದರ ಪಿನ್ನುಗಳೂ ಕಾದು ಬೇಗ ಹೋಗುತ್ತದೆ. ಹೋಲ್ಡರ್ ಬದಲಿಸುವುದು ಕಷ್ಟವಲ್ಲ, ಆದರೆ ಅದರ ಖರ್ಚನ್ನು ಚೌಕಾಸಿಯಲ್ಲಿ ಕಳೆದೇ ದರ ಹೇಳುತ್ತೇನೆ. ಬಿಚ್ಚಿದ ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಗಾಜು ಉಬ್ಬುತ್ತದೆ, ಒಡೆಯಲೂಬಹುದು.

ವೈರಿನ ಮಾತು ಬೇರೆ. ತೀರಾ ಹಳೇ ಲೈಟುಗಳಲ್ಲಿ ಬಲ್ಬಿನ ಕಡೆ ಬಿಳಿ ನಾರಿನಂಥ ಹೊದಿಕೆಯ ವೈರು ಇರುತ್ತದೆ. ಅದು ಫೈಬರ್ ಗ್ಲಾಸೋ ಕಲ್ನಾರೋ ಕಣ್ಣಿಗೆ ತಿಳಿಯುವುದಿಲ್ಲ. ಕಲ್ನಾರಾಗಿದ್ದರೆ ಅದರ ಧೂಳು ಶ್ವಾಸಕೋಶಕ್ಕೆ ಕುತ್ತು. ಎಳೆ ಎಳೆಯಾಗಿ ಉದುರುತ್ತಿದ್ದರೆ ಆ ಲೈಟನ್ನು ಅಲ್ಲೇ ಬಿಟ್ಟು ಬರುತ್ತೇನೆ. ಉಳಿದವಕ್ಕೆ ನಮ್ಮ ಎಲೆಕ್ಟ್ರಿಶಿಯನ್ನನ 500 ವೋಲ್ಟ್ ಮೆಗ್ಗರ್ (ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಮೀಟರ್) ಹಚ್ಚಿ ನೋಡುತ್ತೇವೆ. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಪೈಪಿಗೆ ಏರಿಸುವ ಮಾತೇ ಇಲ್ಲ. ಮಳೆಗಾಲ ಪೂರ್ತಿ ಗೋದಾಮಿನಲ್ಲಿ ಬಿದ್ದ ಲೈಟು ತೇವ ಹಿಡಿದು ಕಡಿಮೆ ತೋರಿಸುವುದುಂಟು. ಒಣಗಿಸಿ ಮತ್ತೊಮ್ಮೆ ನೋಡಬೇಕು. ಎರಡು ಪಿನ್ನಿನ ಪ್ಲಗ್ಗು ಹಾಕಿ ಅರ್ಥಿಂಗ್ ವೈರನ್ನು ಕತ್ತರಿಸಿ ಒಗೆದ ಲೈಟುಗಳು ಬಾಡಿಗೆಯವರ ಹತ್ತಿರ ಬೇಕಾದಷ್ಟು. ಲೋಹದ ಡಬ್ಬಿ, ಲೋಹದ ಪೈಪು, ಕೆಳಗೆ ಬರಿಗಾಲಲ್ಲಿ ನಟರು. ಮೂರು ಕೋರಿನ ಹೊಸ ಕೇಬಲ್ ಹಾಕದೆ ಅಂಥದನ್ನು ನಾನು ಒಮ್ಮೆಯೂ ಹೊತ್ತಿಸಿಲ್ಲ.

ಎಲ್‌ಇಡಿ ಪಾರ್ ಕೊಳ್ಳುವಾಗ ಕತೆ ತಿರುಗುಮುರುಗು. ಹೊರಗೆ ಹೊಳೆಯುತ್ತಿರುತ್ತದೆ, ಒಳಗೆ ಎಷ್ಟು ಸವೆದಿದೆ ದೇವರೇ ಬಲ್ಲ. ಒಬ್ಬ ವ್ಯಾಪಾರಿ ಹೇಳಿದ: “ಸರ, ಬಾಡಿ ನೋಡ್ರಿ, ಹೊಸಾದು ಇದ್ದಂಗ ಐತಿ. ಐವತ್ನಾಕು ಮೂರ್ಲೆ, ನೂರಾ ಅರವತ್ತು ವ್ಯಾಟ್!” ಮೂರು ವ್ಯಾಟಿನ 54 ಎಲ್‌ಇಡಿ ಎಂದು ಅವನ ಲೆಕ್ಕ. ಪ್ಲಗ್ಗಿಗೆ ಹಾಕುವ ಸಣ್ಣ ವ್ಯಾಟ್ ಮೀಟರ್ ನನ್ನ ಚೀಲದಲ್ಲಿತ್ತು. ಎಲ್ಲ ಬಣ್ಣ ಪೂರ್ತಿ ಹೊತ್ತಿಸಿದಾಗ ಅದು ತೋರಿಸಿದ್ದು ನೂರಕ್ಕೂ ಕಡಿಮೆ. ಅವನು ನಕ್ಕ, ನಾನೂ ನಕ್ಕೆ, ದರ ಇಳಿಯಿತು.

ಅದೇ ಚೀಲದಲ್ಲಿ ಯಾವಾಗಲೂ ಇರುವ ಇನ್ನೊಂದು ವಸ್ತು ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ಕಡುಗೆಂಪು ಒಡಲು, ಹಸಿರು ದಡಿ, ನಡುವೆ ಅರಿಸಿನ ಬಣ್ಣದ ಸಣ್ಣ ಬುಟ್ಟಾ. ನಮ್ಮ ನಾಟಕಗಳಲ್ಲಿ ಹೆಂಗಸರ ಪಾತ್ರವೆಂದರೆ ಇಳಕಲ್ ಸೀರೆ, ಖಣದ ಕುಪ್ಪಸ. ಹಾಗಾಗಿ ಲೈಟು ಮೊದಲು ಒಪ್ಪಿಸಿಕೊಳ್ಳಬೇಕಾದ್ದು ಇದರ ಹತ್ತಿರವೇ. ಕೆಂಪು, ಹಸಿರು, ನೀಲಿ ಮೂರನ್ನೂ ಕೂಡಿಸಿ ‘ಬಿಳಿ’ ಮಾಡಿ ಖಣದ ಮೇಲೆ ಬಿಟ್ಟರೆ ಒಡಲಿನ ಕೆಂಪು ಕಣ್ಣು ಕುಕ್ಕುವಂತೆ ಉರಿಯುತ್ತದೆ, ಬುಟ್ಟಾ ಮಾತ್ರ ಮಂಕಾಗಿ ಕೊಳೆ ಹತ್ತಿದಂತೆ ಕಾಣುತ್ತದೆ. ಆ ಬಿಳಿಯಲ್ಲಿ ಹಳದಿ-ಕಿತ್ತಳೆಯ ಪಾಲು ತೀರಾ ಕಡಿಮೆ. ಪಕ್ಕದಲ್ಲೇ ನನ್ನ ಅಂಗೈ ಹಿಡಿದರೆ ಜ್ವರ ಬಂದವನ ಕೈ. 3,200 ಕೆಲ್ವಿನ್ ಆಸುಪಾಸಿನ, ಹಳದಿ ಛಾಯೆಯ ಹ್ಯಾಲೊಜೆನ್ ಬೆಳಕಿಗೆ ಅದೇ ಖಣ ತಂದರೆ ಬುಟ್ಟಾ ಒಂದೊಂದೂ ಎದ್ದು ಕಾಣುತ್ತದೆ. ವಾರ್ಮ್ ವೈಟ್ ಅಥವಾ ಆಂಬರ್ ಚಿಪ್ಪು ಬೇರೆಯಾಗಿಯೇ ಇರುವ ಎಲ್‌ಇಡಿಗಳು ಈ ಪರೀಕ್ಷೆಯಲ್ಲಿ ತಕ್ಕಮಟ್ಟಿಗೆ ಪಾಸಾಗುತ್ತವೆ.

ಖಣದ ಪರೀಕ್ಷೆಯನ್ನು ಲೈಟು ತಣ್ಣಗಿದ್ದಾಗ ಒಮ್ಮೆ, ಅರ್ಧ ತಾಸು ಪೂರ್ತಿ ಉರಿದ ಮೇಲೆ ಇನ್ನೊಮ್ಮೆ ಮಾಡುತ್ತೇನೆ. ಕೆಂಪು ಎಲ್‌ಇಡಿ ಬಿಸಿಗೆ ಬೇಗ ಸೋಲುತ್ತದೆ. ಹಾಗಾಗಿ ಫ್ಯಾನು ಧೂಳು ತಿಂದು ಕೂತ ಲೈಟಿನಲ್ಲಿ ಬಿಳಿ ಬಣ್ಣ ಬರಬರುತ್ತ ಹಸಿರಿಗೆ ತಿರುಗುತ್ತದೆ. ಎಪ್ರಿಲ್-ಮೇದಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಇದು ಸಣ್ಣ ವಿಷಯವಲ್ಲ. ಆ ಅರ್ಧ ತಾಸು ಫ್ಯಾನಿನ ಸದ್ದನ್ನೂ ಕೇಳಿಸಿಕೊಳ್ಳುತ್ತೇನೆ. ಆರ್ಕೆಸ್ಟ್ರಾದಲ್ಲಿ ಯಾರಿಗೂ ಕೇಳದ ಸದ್ದು, ಮೈಕಿಲ್ಲದ ನಮ್ಮ ನಾಟಕದಲ್ಲಿ ಮೌನದ ದೃಶ್ಯ ಬಂದಾಗ ಮೂರನೇ ಸಾಲಿಗೂ ಕೇಳುತ್ತದೆ. ಮದುವೆಗಳ ಹೊಗೆ ಯಂತ್ರದಿಂದಾಗಿ ಲೆನ್ಸಿನ ಮೇಲೆ ಅಡುಗೆಮನೆ ಗೋಡೆಯ ಜಿಡ್ಡಿನಂಥ ಪದರ ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದರೆ ಹೋಗುತ್ತದೆ, ಅದಕ್ಕಾಗಿ ಲೈಟು ತಿರಸ್ಕರಿಸಬೇಕಿಲ್ಲ.

ಇನ್ನು ಬೆಳಕು ಏರಿಸಿ ಇಳಿಸುವ ಫೇಡರ್. ಸೊನ್ನೆಯಿಂದ ಹತ್ತು ಪರ್ಸೆಂಟಿನವರೆಗೆ ಬಹಳ ನಿಧಾನವಾಗಿ ಏರಿಸಿ ಇಳಿಸಿ ನೋಡಬೇಕು. ಅಗ್ಗದ ಪಾರ್‌ಗಳು ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತವೆ, ಕೊನೆಗೆ ಪಟ್ಟನೆ ಆರುತ್ತವೆ. ಡಾನ್ಸಿಗೆ ನಡೆಯುತ್ತದೆ, ಒಬ್ಬ ಮುದುಕನ ಸಾವಿನ ದೃಶ್ಯಕ್ಕೆ ನಡೆಯುವುದಿಲ್ಲ. ಮೊಬೈಲಿನ ಸ್ಲೋ ಮೋಶನ್ನಿನಲ್ಲಿ ಹಿಡಿದರೆ ಮಿಣುಕುವುದೂ ಕಾಣುತ್ತದೆ. ಡಿಎಂಎಕ್ಸ್ (ಬೋರ್ಡಿನಿಂದ ಲೈಟುಗಳಿಗೆ ಆಜ್ಞೆ ಕಳಿಸುವ ಸಂಕೇತ) ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿ ಅಲ್ಲಾಡಿಸಿ ನೋಡುವುದನ್ನೂ ಬಿಡುವುದಿಲ್ಲ. ಕೇಬಲನ್ನು ಮಾತ್ರ ಹಳೆಯದು ಕೊಂಡಿಲ್ಲ. ಮೈಕ್ ಕೇಬಲನ್ನೇ ಡಿಎಂಎಕ್ಸ್ ಎಂದು ಕೊಡುತ್ತಾರೆ. ಉದ್ದ ಸಾಲಿಗೆ ಬೇಕಾದ್ದು 110 ಅಥವಾ 120 ಓಮಿನದು, ಸಾಲಿನ ಕೊನೆಯ ಲೈಟಿಗೆ, ಸಂಕೇತ ತಿರುಗಿ ಬರದಂತೆ ತಡೆಯುವ 120 ಓಮಿನ ಟರ್ಮಿನೇಟರ್.

ಶಾರ್ಪಿ ಬೇಕೆಂದು ತಂಡದ ಹುಡುಗರು ಈಗಲೂ ಹಟ ಹಿಡಿಯುತ್ತಾರೆ. 14 ಅಡಿ ಪೈಪಿನಿಂದ ಕಡ್ಡಿಯಂಥ ಬೆಳಕು ನಟನ ನೆತ್ತಿಗೆ ಬಿದ್ದು ಏನಾಗಬೇಕು? ಅದರ ಬಲ್ಬಿನ ಆಯುಸ್ಸು ಎಷ್ಟು ಉಳಿದಿದೆ ಎಂಬ ಚಿಂತೆ ಬೇರೆ. ನಾನು ಒಪ್ಪಿಲ್ಲ.

ಕೊನೆಗೆ ಮುಖದ ಬೆಳಕಿಗೆ ಆರು ಫ್ರೆನೆಲ್, ಬೆನ್ನಿಗೂ ಬಣ್ಣಕ್ಕೂ ಎಂಟು ಎಲ್‌ಇಡಿ ಪಾರ್ ಬಂದವು. ಒಂದು ಕಿಲೋವ್ಯಾಟ್ ಲೈಟು 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಆರೂ ಪೂರ್ತಿ ಹೊತ್ತಿದರೆ 26. ನಮಗೆ ಮಂಜೂರಾದ ಲೋಡಿನಲ್ಲಿ ಹ್ಯಾಲೊಜೆನ್‌ಗೆ ಅಷ್ಟೇ ಜಾಗ. ಪ್ರತಿ ಲೈಟಿಗೂ ಕ್ಲ್ಯಾಂಪಿನ ಜೊತೆಗೆ ಸೇಫ್ಟಿ ಚೈನು ಹಾಕಿದ್ದೇವೆ, ಅದನ್ನು ಯಾವ ವ್ಯಾಪಾರಿಯೂ ಲೈಟಿನ ಜೊತೆ ಕೊಟ್ಟಿರಲಿಲ್ಲ. ದೊಡ್ಡ ಖರೀದಿಗಳಲ್ಲಿ ಅದೇ ಲೈಟನ್ನು ಮೊದಲು ಒಂದು ನಾಟಕದ ಪ್ರದರ್ಶನಕ್ಕೆ ಬಾಡಿಗೆಗೆ ತಂದು, ಬಾಡಿಗೆಯನ್ನು ಆಮೇಲೆ ಬೆಲೆಯಲ್ಲಿ ಮುರಿದುಕೊಳ್ಳುವ ಮಾತಾಡಿಕೊಂಡಿದ್ದೆವು. ಬಹಳ ಮಂದಿ ಒಪ್ಪಿದರು. ಒಪ್ಪದವರ ಲೈಟು ಕೊಳ್ಳಲಿಲ್ಲ.

ಸದ್ಯ 36 ಡಿಗ್ರಿಯ ಎರಡು ಪ್ರೊಫೈಲ್ ಹುಡುಕುತ್ತಿದ್ದೇನೆ. ಬೆಳಕಿನ ಅಂಚು ಕತ್ತರಿಸುವ ಷಟರಿನ ನಾಲ್ಕೂ ಬ್ಲೇಡು ಸೊಟ್ಟಾಗದೆ ಸರಿದಾಡುವಂತಿರಬೇಕು, ಬಲ್ಬು ಹುಬ್ಬಳ್ಳಿಯಲ್ಲಿ ಸಿಗುವಂಥದ್ದಿರಬೇಕು.