ಫುಟ್‌ಪಾತಿನ ಅಜ್ಜಿಯ ಜೊತೆ ಸ್ನೇಹ ಬೆಳೆಸುವುದು ಹೇಗೆ?

ಕೆ.ಆರ್. ಮಾರ್ಕೆಟ್ ಮೇಲ್ಸೇತುವೆಯ ಕೆಳಗೆ, ಯಶವಂತಪುರ ರೈಲು ನಿಲ್ದಾಣದ ಹೊರಗೆ, ಇಲ್ಲವೇ ನಿಮ್ಮದೇ ಬಡಾವಣೆಯ ಮುಚ್ಚಿದ ಅಂಗಡಿಯ ಮುಂದೆ ಮನಸ್ಸಿನ ಕಾಯಿಲೆಯ, ವಯಸ್ಸಾದವರೊಬ್ಬರು ಚೀಲಗಳ ನಡುವೆ ಕೂತು ತಮ್ಮಷ್ಟಕ್ಕೆ ಮಾತಾಡುತ್ತಿರುತ್ತಾರೆ. ಹೆಚ್ಚಿನವರು ಹತ್ತು ರೂಪಾಯಿ ಇಟ್ಟು ಹೋಗುತ್ತಾರೆ. ಮನಸ್ಸು ತಡೆಯದ ಕೆಲವರು ಒಂದೇ ದಿನದಲ್ಲಿ ಸ್ನಾನ, ಕ್ಷೌರ, ಆಸ್ಪತ್ರೆ, ಆಶ್ರಮ ಎಲ್ಲವನ್ನೂ ಮುಗಿಸಲು ಹೊರಡುತ್ತಾರೆ. ಹೆಚ್ಚು ಕೆಡುವುದು ಈ ಅವಸರದಿಂದಲೇ. ಬೈಸಿಕೊಂಡು, ಓಡಿಸಿಕೊಂಡು ಬದುಕಿದವರಿಗೆ ಕೈ ಹಿಡಿದು ಎಳೆಯುವವರೆಲ್ಲ ಒಂದೇ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರವನ್ನು ಬೀದಿಯವರು ಇಂದಿಗೂ ‘ಬೆಗ್ಗರ್ಸ್ ಕಾಲೊನಿ’ ಅನ್ನುತ್ತಾರೆ; ಹಿಡಿದುಕೊಂಡು ಹೋಗುವ ಅದರ ವ್ಯಾನಿನ ಭಯ ಬೇರೆ. ಹೆದರಿದರೆ ಅವರು ಜಾಗ ಬದಲಿಸುತ್ತಾರೆ. ಆಮೇಲೆ ಹುಡುಕುವುದು ಕಷ್ಟ.

ಮೊದಲ ವಾರ: ಅಕ್ಕಪಕ್ಕದವರನ್ನು ಕೇಳಿ

ಅಜ್ಜಿಯ ಬಳಿ ಹೋಗುವ ಮುನ್ನ ಟೀ ಅಂಗಡಿಯವರು, ಹೂವಿನವರು, ಪೌರಕಾರ್ಮಿಕರು, ಎಟಿಎಂ ಕಾವಲುಗಾರರ ಜೊತೆ ಮಾತಾಡಿ. ಎಷ್ಟು ದಿನದಿಂದ ಇದ್ದಾರೆ, ರಾತ್ರಿ ಎಲ್ಲಿ ಮಲಗುತ್ತಾರೆ, ಯಾವ ಭಾಷೆ ಆಡುತ್ತಾರೆ, ಯಾವುದಕ್ಕೆ ರೇಗುತ್ತಾರೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಎಷ್ಟೋ ಕಡೆ ಇಡ್ಲಿ ಗಾಡಿಯವರೊಬ್ಬರು ಆಗಲೇ ದಿನಾ ಎರಡು ಇಡ್ಲಿ ಕೊಡುತ್ತಿರುತ್ತಾರೆ. ಅವರನ್ನು ಬಿಟ್ಟು ಮುಂದೆ ಹೋಗಬೇಡಿ, ಅಜ್ಜಿಗೆ ಮೊದಲ ಸ್ನೇಹಿತರು ಅವರೇ.

ಹತ್ತಿರ ಹೋಗುವ ಬಗೆ

ವಾರಕ್ಕೆ ಎರಡು ದಿನ ಸಾಕು, ಆದರೆ ದಿನ ಮತ್ತು ಹೊತ್ತು ತಪ್ಪಬಾರದು. ಒಂದು ವಾರ ದಿನಾ ಹೋಗಿ ಆಮೇಲೆ ಮಾಯವಾಗುವುದಕ್ಕಿಂತ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳೂವರೆ ಎಂದು ಗೊತ್ತುಮಾಡಿಕೊಳ್ಳುವುದು ಮೇಲು. ಹಿಂದಿನಿಂದ ಹೋಗಬೇಡಿ. ಎದುರಿನಿಂದ, ಕಾಣುವಂತೆ, ನಿಧಾನವಾಗಿ ಹೋಗಿ ಒಂದು ಮಾರು ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತುಕೊಳ್ಳಿ. ಎತ್ತರದಲ್ಲಿ ನಿಂತು ಮಾತಾಡಿದರೆ ಪೊಲೀಸರಂತೆ ಕಾಣುತ್ತೀರಿ. ಇಬ್ಬರಿಗಿಂತ ಹೆಚ್ಚು ಜನ ಬೇಡ. ಅವರು ಎದ್ದು ಹೋಗುವ ದಾರಿಗೆ ಅಡ್ಡ ಕೂರಬೇಡಿ. ಚೀಲ ಮುಟ್ಟಲೇಬೇಡಿ, ಒಳಗೆ ಬರೀ ಪ್ಲಾಸ್ಟಿಕ್ ಇದ್ದರೂ ಅದು ಅವರ ಮನೆ.

“ಅಜ್ಜಿ, ನಮಸ್ಕಾರ. ಕಾಫಿ ಕುಡೀತೀರಾ?” ಇಷ್ಟೇ ಸಾಕು. ಗಂಡಸರಾದರೆ ‘ತಾತ’ ಅಥವಾ ‘ಯಜಮಾನ್ರೇ’. ಉತ್ತರ ಬರದಿದ್ದರೆ “ಸರಿ ಅಜ್ಜಿ, ಶುಕ್ರವಾರ ಬರ್ತೀನಿ” ಎಂದು ಐದು ನಿಮಿಷದಲ್ಲಿ ಏಳಿ. ಬೈದರೂ ಅಷ್ಟೇ, ಎರಡು ಹೆಜ್ಜೆ ಹಿಂದೆ ಸರಿದು, ದನಿ ಏರಿಸದೆ ಹೊರಡಿ. ಹೇಳಿದ ಶುಕ್ರವಾರ ಮಾತ್ರ ಬರಲೇಬೇಕು. ಮೊದಲ ಮಾತು ಬರಲು ಒಂದೂವರೆ ತಿಂಗಳು ಹಿಡಿಯಬಹುದು.

ಊಟದಲ್ಲಿ ವಿಷ ಹಾಕಿದ್ದಾರೆಂಬ ಅನುಮಾನ ಮನಸ್ಸಿನ ಕಾಯಿಲೆಗಳಲ್ಲಿ ಸಾಮಾನ್ಯ. ಅದಕ್ಕೆ ಬೆಂಗಳೂರಿನ ಬೈ ಟೂ ಕಾಫಿಯಂಥ ಉಪಾಯ ಇನ್ನೊಂದಿಲ್ಲ. ಅವರ ಕಣ್ಣೆದುರೇ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿ, ಯಾವ ಲೋಟ ಬೇಕೆಂದು ಅವರೇ ಆರಿಸಿಕೊಳ್ಳಲಿ, ಉಳಿದದ್ದನ್ನು ನೀವು ಮೊದಲು ಕುಡಿಯಿರಿ. ಹಲ್ಲಿಲ್ಲದವರಿಗೆ ಇಡ್ಲಿ, ಮೊಸರನ್ನ, ಬಾಳೆಹಣ್ಣು ಸರಿ. ಬಹಳ ದಿನ ಉಪವಾಸವಿದ್ದು ಸೊರಗಿದವರಿಗೆ ಬಿರಿಯಾನಿ, ಸಿಹಿ ಎಂದು ಹೊಟ್ಟೆ ತುಂಬಿಸಬೇಡಿ. ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದರೆ ರಕ್ತದ ಲವಣಾಂಶ ಏರುಪೇರಾಗಿ ಹೃದಯಕ್ಕೇ ಅಪಾಯ. ಸ್ವಲ್ಪ ಸ್ವಲ್ಪವೇ ಕೊಡಿ, ವೈದ್ಯರಿಗೆ ಬೇಗ ತೋರಿಸಿ. ಮುಂದೆ ನಿಮ್ಮ ಜೊತೆ ಇಂದಿರಾ ಕ್ಯಾಂಟೀನಿನವರೆಗೆ ನಡೆದು ಬಂದು 5 ರೂಪಾಯಿಯ ತಿಂಡಿ ತಿಂದರೆ ದೊಡ್ಡ ಹೆಜ್ಜೆ ಇಟ್ಟಂತೆ.

ಹೊಸ ಕಂಬಳಿ ಕೊಡಬೇಡಿ. ರಾತ್ರಿ ಕಸಿದುಕೊಳ್ಳುತ್ತಾರೆ, ಅದಕ್ಕಾಗಿ ಹೊಡೆಯುವವರೂ ಉಂಟು. ಬಳಸಿದ ರಗ್ಗು, ಏಪ್ರಿಲ್–ಮೇ ತಿಂಗಳ ಸಂಜೆ ಮಳೆಗೆ ಮೊದಲೇ ಒಂದು ಟಾರ್ಪಾಲು, ಬೆರಳು ಉಜ್ಜದ ಚಪ್ಪಲಿ ಸಾಕು.

ಇಲ್ಲದ್ದನ್ನು ಕಂಡೆ ಅಂದಾಗ

“ನನ್ ಮಗ ಕಮಿಷನರ್, ಸಾಯಂಕಾಲ ಕಾರು ಕಳಿಸ್ತಾನೆ” ಅಂದರೆ ವಾದಕ್ಕಿಳಿಯಬೇಡಿ, ಹೌದು ಹೌದು ಎಂದು ತಲೆಯನ್ನೂ ಆಡಿಸಬೇಡಿ. ಮಾತಿನ ಹಿಂದಿನ ಸಂಕಟಕ್ಕೆ ಉತ್ತರ ಕೊಡಿ: “ಮಗನ ನೆನಪು ಬರ್ತಿದ್ಯಾ ಅಜ್ಜಿ?” ಯಾರೋ ಬೈಯುತ್ತಿದ್ದಾರೆ ಅಂದರೆ “ನಂಗೆ ಕೇಳಿಸ್ತಿಲ್ಲ, ನಿಮಗೆ ಭಯ ಆಗ್ತಿದ್ಯಾ?” ಅನ್ನಿ. ಹೆಸರು, ಊರು, ಜಾತಿ ಕೆದಕಿದರೆ ವಿಚಾರಣೆಯಂತಾಗುತ್ತದೆ. ತಾವಾಗಿಯೇ ಆಡುವ ಮಾತಿನಲ್ಲಿ ಒಂದು ಜಾತ್ರೆ, ಒಂದು ಹೊಳೆ, ಊರ ದೇವರ ಹೆಸರು ಬರುತ್ತದೆ. ಮನೆಗೆ ಹೋದಮೇಲೆ ಬರೆದಿಡಿ, ಮುಂದೆ ಮನೆಯವರನ್ನು ಹುಡುಕಲು ಬೇಕಾಗುತ್ತದೆ. ಫೋಟೊ, ವಿಡಿಯೊ ತೆಗೆದು ಹಂಚುವುದಂತೂ ಬೇಡವೇ ಬೇಡ.

ಕಾಯಬಾರದ ಹೊತ್ತು

ಇಷ್ಟು ಹೊತ್ತು ನಿಧಾನ ಅಂದೆವು. ಮೈಯ ಕಾಯಿಲೆಗೆ ಆ ನಿಧಾನ ಸಲ್ಲದು. ನಿನ್ನೆ ಮೊನ್ನೆಯವರೆಗೆ ನಿಮ್ಮ ಗುರುತು ಹಿಡಿಯುತ್ತಿದ್ದವರು ಇಂದು ಹಿಡಿಯದಿದ್ದರೆ, ತೂಕಡಿಸುತ್ತ ಮಾತು ತಡವರಿಸಿದರೆ ಅದನ್ನು ‘ಹುಚ್ಚು ಜಾಸ್ತಿಯಾಯ್ತು’ ಅಂದುಕೊಳ್ಳಬೇಡಿ. ವಯಸ್ಸಾದವರಲ್ಲಿ ಮೂತ್ರದ ಸೋಂಕು, ನೀರಿನ ಕೊರತೆ, ಸಕ್ಕರೆ ಅಥವಾ ಸೋಡಿಯಂ ಇಳಿಯುವುದು, ಬಿದ್ದು ತಲೆಯೊಳಗೆ ರಕ್ತ ಕಟ್ಟುವುದು ಹೀಗೇ ಕಾಣುತ್ತವೆ. ಜ್ವರ, ಹುಳು ಬಿದ್ದ ಗಾಯ, ಮೂತ್ರ ನಿಲ್ಲುವುದು, ನೀರೂ ಕುಡಿಯದಿರುವುದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಿ. ಗಾಯಕ್ಕೆ ಸೀಮೆಎಣ್ಣೆ ಸುರಿಯಬೇಡಿ. ಆಸ್ಪತ್ರೆಯಲ್ಲಿ “ಶುಕ್ರವಾರ ಹೀಗಿರಲಿಲ್ಲ” ಎಂದು ಸ್ಪಷ್ಟವಾಗಿ ಹೇಳಿ. ವಾರಕ್ಕೆರಡು ದಿನ ನೋಡಿದವರಷ್ಟೇ ಆ ಮಾತು ಹೇಳಬಲ್ಲರು.

ಚಿಕಿತ್ಸೆ, ಪೊಲೀಸು

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಸಲಹೆ ಸಿಗುತ್ತದೆ. ಹಿರಿಯರ ಸಹಾಯವಾಣಿ 14567. ಅಜ್ಜಿ ಒಪ್ಪಿದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ನೀವೇ ಕರೆದುಕೊಂಡು ಹೋಗಬಹುದು. ಒಪ್ಪದೆ, ತಮ್ಮನ್ನು ನೋಡಿಕೊಳ್ಳಲೂ ಆಗದ ಸ್ಥಿತಿ ಇದ್ದರೆ ಠಾಣೆಗೆ ತಿಳಿಸಿ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 100ನೇ ಸೆಕ್ಷನ್ ಪ್ರಕಾರ ಇಂಥವರನ್ನು ರಕ್ಷಣೆಗೆ ಪಡೆದು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯುವುದು ಠಾಣಾಧಿಕಾರಿಯ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದೇ. ಆ ಸೆಕ್ಷನ್ನಿನ ಒಂದು ಪ್ರತಿ ಕೈಯಲ್ಲಿರಲಿ, ಹೆಂಗಸರಾದರೆ ಮಹಿಳಾ ಪೊಲೀಸರನ್ನು ಕಳಿಸಲು ಕೇಳಿ. ಅವತ್ತು ನೀವೂ ಜೊತೆಗಿರಿ, ಚೀಲಗಳೂ ಜೊತೆಗೇ ಹೋಗಲಿ.

ಕಾಫಿಗೆ ಮಾತ್ರೆ ಬೆರೆಸಿ ಮಲಗಿಸಿ ಸಾಗಿಸುವ ಯೋಚನೆ ಯಾರಾದರೂ ಹೇಳಿದರೆ ಖಡಾಖಂಡಿತ ಬೇಡ ಅನ್ನಿ. ಉಸಿರಾಟಕ್ಕೆ ಅಪಾಯ, ಬಿದ್ದು ಸೊಂಟ ಮುರಿಯಬಹುದು, ಗೊತ್ತಾದರೆ ಮುಂದೆ ಯಾರ ಕೈಯ ನೀರನ್ನೂ ಮುಟ್ಟುವುದಿಲ್ಲ. ವೈದ್ಯರೇ ಕೊಟ್ಟ ಮಾತ್ರೆಯಲ್ಲೂ ಕೈನಡುಕ, ಮೈಬಿಗಿತ, ಜೊಲ್ಲು, ಮಂಪರು ಬರಬಹುದು. ಫುಟ್‌ಪಾತಿನಲ್ಲಿ ಮಂಪರೆಂದರೆ ಕಳ್ಳತನ, ಹಲ್ಲೆ. ಮಾತ್ರೆ ಎಸೆಯುವುದಕ್ಕೆ ಅದೂ ಕಾರಣ. ವೈದ್ಯರಿಗೆ ಇದನ್ನು ಹೇಳಿ, ಕೆಲವು ವಾರಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಹೊಂದುತ್ತದೆಯೇ ಕೇಳಿ.

ನಿಮಗೂ ಜ್ವರ ಬರುತ್ತದೆ, ಊರಿಗೆ ಹೋಗಬೇಕಾಗುತ್ತದೆ. ಮೂರನೇ ವಾರದಿಂದಲೇ ಇನ್ನೊಬ್ಬರನ್ನು ಜೊತೆಗೆ ಕರೆತಂದು ಮುಖಪರಿಚಯ ಮಾಡಿಸಿ. ಅಜ್ಜಿ ಆಸ್ಪತ್ರೆಗೋ ಆಶ್ರಯ ಕೇಂದ್ರಕ್ಕೋ ಸೇರಿದ ಮೊದಲ ವಾರ ಓಡಿಹೋಗುವ ಸಂಭವ ಹೆಚ್ಚು. ಭೇಟಿಯ ಸಮಯ ಕೇಳಿಕೊಂಡು, ಆದಷ್ಟು ಅದೇ ಮಂಗಳವಾರ, ಅದೇ ಶುಕ್ರವಾರ ಹೋಗಿ. ಒಳಗೆ ತರಲು ಬಿಡುವುದಾದರೆ ಫ್ಲಾಸ್ಕಿನಲ್ಲಿ ಕಾಫಿ, ಎರಡು ಲೋಟ ತೆಗೆದುಕೊಂಡು ಹೋಗಿ.