ಗಂಡ ಲೆಸ್ಟರ್‌ನಲ್ಲಿ, ಕೆಲಸ ಬೆಳ್ಳಂದೂರಿನಲ್ಲಿ: ಎರಡನ್ನೂ ಉಳಿಸಿಕೊಳ್ಳುವುದು ಹೇಗೆ?

ವಿದೇಶದಲ್ಲಿರುವವರನ್ನು ಮದುವೆಯಾಗಿ ಬೆಂಗಳೂರಿನ ಕೆಲಸವನ್ನೂ ಉಳಿಸಿಕೊಳ್ಳಲು ಹೊರಟು, ಮೂರು ವರ್ಷದಲ್ಲಿ ನನ್ನ ಕಣ್ಣೆದುರೇ ನಾಲ್ವರು ಕೆಡಿಸಿಕೊಂಡರು. ಎಲ್ಲರೂ ಓದಿದವರು, ಒಳ್ಳೆಯ ಕೆಲಸದಲ್ಲಿದ್ದವರು. ಯಾವ ಛತ್ರ, ಎಷ್ಟು ಎಲೆ, ಧಾರೆ ಸೀರೆ ಎಲ್ಲಿ ತರುವುದು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರು. ಆಫೀಸಿಗೆ ಹೇಳುವುದನ್ನು ಮಾತ್ರ ಕೊನೆಯ ವಾರಕ್ಕೆ ಇಟ್ಟುಕೊಂಡರು. ಒಬ್ಬಳಂತೂ ಹೇಳಲೇ ಇಲ್ಲ. ‘ವರ್ಕ್ ಫ್ರಮ್ ಹೋಮ್ ತಾನೇ, ಮನೆ ಎಲ್ಲಿದ್ದರೇನು?’ ಅಂದುಕೊಂಡು ಕಂಪನಿ ಲ್ಯಾಪ್‌ಟಾಪನ್ನು ಸೀರೆಗಳ ನಡುವೆ ಇಟ್ಟುಕೊಂಡು ವಿಮಾನ ಹತ್ತಿದಳು. ಹನ್ನೊಂದನೇ ದಿನ ಲಾಗಿನ್ ಬಂದ್ ಆಯಿತು.

ನನ್ನ ಗಂಡ ಬ್ರಿಟಿಷ್ ಪ್ರಜೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹುಟ್ಟಿ ಬೆಳೆದ ಗುಜರಾತಿ. ನನ್ನ ಸಂಬಳ ಈಗಲೂ ಬೆಂಗಳೂರಿನದೇ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಬ್ರಿಟನ್ ಲೆಕ್ಕ. ಬೇರೆ ದೇಶವಾದರೆ ಅಂಕಿಗಳು ಬದಲಾಗುತ್ತವೆ, ಎಡವುವ ಜಾಗಗಳು ಹೆಚ್ಚುಕಮ್ಮಿ ಇವೇ.

1. ಮದುವೆ ಇಲ್ಲೇ ಆಗಲಿ

ಇದರಲ್ಲಿ ನನಗೆ ಎರಡು ಮಾತಿಲ್ಲ. ಬ್ರಿಟನ್ನಿಗೆ ಹೋಗಿ ಮದುವೆಯಾಗಿ ಅಲ್ಲೇ ನೆಲೆಸಬೇಕೆಂದರೆ ಫಿಯಾನ್ಸೆ ವೀಸಾ (ಮದುವೆ ನಿಶ್ಚಯವಾದವರ ವೀಸಾ) ಬೇಕು. ಅದು ಆರು ತಿಂಗಳದ್ದು, ಅದರಲ್ಲಿ ಕೆಲಸ ಮಾಡುವ ಹಾಗಿಲ್ಲ. ಗುರುತು ಹಾಕಿಕೊಳ್ಳಿ: ಕೆಲಸ ಮಾಡುವ ಹಾಗಿಲ್ಲ. ಕೆಲಸ ಉಳಿಸಿಕೊಳ್ಳಲು ಹೊರಟವರು ಮೊದಲ ಹೆಜ್ಜೆಯಲ್ಲೇ ಅದನ್ನು ಕಳೆದುಕೊಳ್ಳುವುದು ಹೀಗೆ. ಟೂರಿಸ್ಟ್ ವೀಸಾದಲ್ಲಿ ಹೋಗಿ ತಾಳಿ ಕಟ್ಟಿಸಿಕೊಂಡು ಬಿಡೋಣ ಅನ್ನುವವರಿಗೂ ಒಂದು ಮಾತು. ಸಾಮಾನ್ಯ ವಿಸಿಟರ್ ವೀಸಾದಲ್ಲಿ ಅಲ್ಲಿ ಮದುವೆ ನೋಂದಾಯಿಸಿಕೊಳ್ಳಲು ಬರುವುದಿಲ್ಲ. ಅದಕ್ಕೆ ಮ್ಯಾರೇಜ್ ವಿಸಿಟರ್ ಅಂತ ಬೇರೆ ವೀಸಾ ಇದೆ, ಅದರಲ್ಲಿ ಅಲ್ಲೇ ಉಳಿಯಲು ಆಗುವುದಿಲ್ಲ.

ಇಲ್ಲೇ ಮದುವೆಯಾಗಿ ಸ್ಪೌಸ್ ವೀಸಾ (ಗಂಡ ಅಥವಾ ಹೆಂಡತಿಯ ಬಳಿಗೆ ಹೋಗುವವರ ವೀಸಾ) ತೆಗೆದುಕೊಂಡು ಹೋದರೆ ಯಾರ ಕೆಲಸ ಬೇಕಾದರೂ ಮಾಡಬಹುದು, ಬೆಂಗಳೂರಿನದೂ ಸೇರಿ.

2. ನೋಂದಣಿ

ಇಬ್ಬರೂ ಹಿಂದೂಗಳಾದರೆ ಛತ್ರದಲ್ಲೋ ದೇವಸ್ಥಾನದಲ್ಲೋ ಮದುವೆ ಮುಗಿಸಿ, ಹಿಂದೂ ವಿವಾಹ ಕಾಯ್ದೆಯಡಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಇಲ್ಲದಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ. ಇದಕ್ಕೆ ನಿಮ್ಮಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ನೋಟಿಸ್ ಕೊಡುವ ಮೊದಲು 30 ದಿನ ವಾಸವಿದ್ದಿರಬೇಕು. ನೋಟಿಸ್ ಕೊಟ್ಟ ಮೇಲೆ ಆಕ್ಷೇಪಣೆಗೆ ಇನ್ನೂ 30 ದಿನ. ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ. ಎರಡು ವಾರ ರಜೆ ಹಾಕಿ ಬರುವ ವರನಿಗೆ ಈ ಲೆಕ್ಕ ಮೊದಲೇ ಹೇಳಿ. ಮೂವರು ಸಾಕ್ಷಿಗಳು ಬೇಕು.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ನೋಂದಣಿಗೆ ಲಗ್ನಪತ್ರಿಕೆ ಕೇಳುತ್ತಾರೆ. ನಮ್ಮ ದೊಡ್ಡಪ್ಪ ಪ್ರೀತಿಯಿಂದ ‘ಚಿ. ಸೌ.’ ಮುಂದೆ ಮನೆಯಲ್ಲಿ ಕರೆಯುವ ಹೆಸರನ್ನೇ ಅಚ್ಚು ಹಾಕಿಸಿದ್ದರು. ಪಾಸ್‌ಪೋರ್ಟಿನಲ್ಲಿ ಇರುವುದು ಬೇರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಗುಮಾಸ್ತರು ಮೂರು ಕಾಗದವನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ಕನ್ನಡಕ ಹಣೆಗೇರಿಸಿ, ‘ಇದರಲ್ಲಿ ಮದುಮಗಳು ಯಾರಮ್ಮ?’ ಅಂದರು. ಐದು ಪತ್ರಿಕೆ ಹೊಸದಾಗಿ ಅಚ್ಚು ಹಾಕಿಸಬೇಕಾಯಿತು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಅಕ್ಷರವೂ ಆಚೀಚೆ ಆಗದಂತೆ, ಎಲ್ಲ ಕಡೆ ಬರೆಸಿ. ಪ್ರಮಾಣಪತ್ರ ಕನ್ನಡದಲ್ಲಷ್ಟೇ ಇದ್ದರೆ ವೀಸಾಕ್ಕೆ ಇಂಗ್ಲಿಷ್ ಅನುವಾದ ಬೇಕು. ಅನುವಾದಕರ ಹೆಸರು, ಸಹಿ, ತಾರೀಕು, ಸಂಪರ್ಕ ವಿವರ ಅದರಲ್ಲಿರಲಿ.

ಕೇಂದ್ರ ಸರ್ಕಾರಿ ನೌಕರರಾಗಿದ್ದರೆ ವಿದೇಶಿಯನ್ನು ಮದುವೆಯಾದ ವಿಷಯವನ್ನು ಕೂಡಲೇ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವಿದೆ. ಮರೆಯಬೇಡಿ.

3. ವೀಸಾ

ಫಾರಂ ತುಂಬುವುದು ಕಷ್ಟವಲ್ಲ. ಕ್ಷಯರೋಗ ಪರೀಕ್ಷೆ, ಇಂಗ್ಲಿಷ್ ಬರುತ್ತದೆಂಬ ಪುರಾವೆ, ಫೋಟೋಗಳು, ಬೆರಳಚ್ಚು, ಮುಗಿಯಿತು. ‘ಗ್ಯಾರಂಟಿ ವೀಸಾ’ ಅನ್ನುವ ಏಜೆಂಟರಿಗೆ ದುಡ್ಡು ಸುರಿಯಬೇಡಿ. ನನ್ನ ಗೆಳತಿಯೊಬ್ಬಳು ತಾನೇ ಬರೆದ ಉತ್ತರಗಳನ್ನು ಟೈಪ್ ಮಾಡಿಕೊಟ್ಟಿದ್ದಕ್ಕೆ ಏಜೆಂಟನಿಗೆ ಎಂಬತ್ತು ಸಾವಿರ ಕೊಟ್ಟಳು.

ಜನ ತಪ್ಪು ತಿಳಿಯುವುದು ಆದಾಯದ ವಿಷಯದಲ್ಲಿ. 2024ರ ಏಪ್ರಿಲ್‌ನಿಂದ ಅಲ್ಲಿರುವ ಸಂಗಾತಿಗೆ ವರ್ಷಕ್ಕೆ 29,000 ಪೌಂಡ್ ಆದಾಯ ಇರಬೇಕು. ಗಂಡನಿಗೆ 24,000, ನನಗೆ ಇಲ್ಲಿ 20 ಲಕ್ಷ ರೂಪಾಯಿ, ಸೇರಿಸಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಕಾಗುವುದಿಲ್ಲ. ಭಾರತದಿಂದ ಅರ್ಜಿ ಹಾಕುವಾಗ ನಿಮ್ಮ ಇಲ್ಲಿನ ಸಂಬಳ ಲೆಕ್ಕಕ್ಕೇ ಇಲ್ಲ. ಜೊತೆಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ಆರೋಗ್ಯ ಸರ್‌ಚಾರ್ಜ್ ಅಂತ ವರ್ಷಕ್ಕೆ 1,035 ಪೌಂಡ್. 33 ತಿಂಗಳ ವೀಸಾಕ್ಕೆ ಪೂರ್ತಿ ಮೂರು ವರ್ಷದ ಲೆಕ್ಕ ಹಿಡಿದು ಅದೇ 3,105 ಆಗುತ್ತದೆ, ಅದೂ ಮೊದಲೇ ಕಟ್ಟಬೇಕು. ವೀಸಾ ಶುಲ್ಕ ಬೇರೆ. ಒಡವೆ ಬಜೆಟ್ಟಿನಲ್ಲಿ ಒಂದೆರಡು ಬಳೆ ಕಡಿಮೆ ಮಾಡಿ ಇದಕ್ಕೆ ಎತ್ತಿಡಿ.

4. ಆಫೀಸು: ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ

ನಿಧಾನವಾಗಿ ಓದಿ. ಮದುವೆಗೆ ಆರು ತಿಂಗಳು ಇರುವಾಗಲೇ ಇದನ್ನು ಶುರು ಮಾಡಿ. ನಿಶ್ಚಿತಾರ್ಥ ಆದ ವಾರವೇ ಆದರೆ ಇನ್ನೂ ಒಳ್ಳೆಯದು.

ಮೊದಲು ಒಂದು ಮಾತು ತಲೆಯಲ್ಲಿ ಕೂರಲಿ. ಕಂಪನಿ ಎಲ್ಲೇ ಇರಲಿ, ನಿಮ್ಮ ಕುರ್ಚಿ ಎಲ್ಲಿದೆಯೋ ಕೆಲಸ ನಡೆಯುವುದು ಅಲ್ಲಿ. ತೆರಿಗೆಯವರು, ಕಂಪನಿಯ ವಕೀಲರು, ಗ್ರಾಹಕರು, ಎಲ್ಲರೂ ನೋಡುವುದು ಕುರ್ಚಿಯನ್ನೇ.

ಮ್ಯಾನೇಜರ್ ‘ನೋ ಪ್ರಾಬ್ಲಂ, ಮಾಡಮ್ಮ’ ಅಂದರೆ ಅದು ಅನುಮತಿಯಲ್ಲ, ಹಾರೈಕೆ. ನನ್ನ ಮ್ಯಾನೇಜರೂ ಕಾಫಿ ಮೆಷಿನ್ ಹತ್ತಿರ ನಿಂತು ಹಾಗೇ ಅಂದಿದ್ದರು. ಎರಡು ತಿಂಗಳಿಗೆ ಅವರು ಬೇರೆ ಕಂಪನಿಗೆ ಹೋದರು. ಹೊಸಬರಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಅದಕ್ಕೇ ಎಚ್‌ಆರ್‌ಗೆ ಬರೆಯಿರಿ. ಇಮೇಲ್‌ನಲ್ಲೇ ಬರೆಯಿರಿ. ಯಾವ ದೇಶ, ಯಾವ ವೀಸಾ, ಅದರಲ್ಲಿ ಕೆಲಸಕ್ಕೆ ಅವಕಾಶವಿದೆ ಎಂಬುದು, ಯಾವ ತಾರೀಕಿನಿಂದ, ದಿನಕ್ಕೆ ಎಷ್ಟು ಹೊತ್ತು ತಂಡದ ಜೊತೆ ಸಿಗುತ್ತೀರಿ, ಇಷ್ಟು ಸಾಕು. ಪ್ರೇಮಕಥೆ ಬೇಡ.

ಅದು ಎಚ್‌ಆರ್‌ನಿಂದ ಮೂರು ಕಡೆ ಹೋಗುತ್ತದೆ. ಕಾನೂನು ವಿಭಾಗ ನೋಡುವುದು, ನಿಮ್ಮೊಬ್ಬರಿಂದ ಕಂಪನಿಗೆ ಬ್ರಿಟನ್ನಿನಲ್ಲಿ ‘ಕಾಯಂ ನೆಲೆ’ ಇದೆ ಎಂದಾಗಿ ಅಲ್ಲಿ ತೆರಿಗೆ ಬೀಳುತ್ತದಾ ಎಂದು. ಕೋಡ್ ಬರೆಯುವವರಿಗೆ, ಟೆಸ್ಟಿಂಗ್ ಮಾಡುವವರಿಗೆ ಈ ಭಯ ಕಡಿಮೆ. ಸೇಲ್ಸ್‌ನಲ್ಲಿದ್ದು ಒಪ್ಪಂದಕ್ಕೆ ಸಹಿ ಹಾಕುವವರಾದರೆ ಜಾಸ್ತಿ. ಸೆಕ್ಯುರಿಟಿಯವರು ನೋಡುವುದು ಲ್ಯಾಪ್‌ಟಾಪ್ ಮತ್ತು ಡೇಟಾ. ಪ್ರಾಜೆಕ್ಟಿನವರು ನೋಡುವುದು ಗ್ರಾಹಕರ ಒಪ್ಪಂದ. ‘ಭಾರತದಿಂದ ಮಾತ್ರ ಕೆಲಸ’ ಅಂತ ಅದರಲ್ಲಿ ಒಂದು ಸಾಲಿದ್ದರೆ ನೀವು ಎಷ್ಟು ಒಳ್ಳೆಯ ಕೆಲಸಗಾರರಾದರೂ ಉಪಯೋಗವಿಲ್ಲ. ಆಗ ಪ್ರಾಜೆಕ್ಟ್ ಬದಲಿಸಲು ಕೇಳಿ. ಆರು ತಿಂಗಳು ಬೇಕು ಅಂದಿದ್ದು ಇದಕ್ಕೇ.

ಕಂಪನಿ ನಿಮ್ಮ ಮುಂದೆ ಮೂರು ದಾರಿ ಇಡಬಹುದು. ಅಲ್ಲಿ ಅವರದೇ ಶಾಖೆ ಇದ್ದರೆ ಅದರ ಸಂಬಳಪಟ್ಟಿಗೆ ವರ್ಗ. ಇದು ಸಿಕ್ಕರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ. ಎರಡನೆಯದು, ಇಲ್ಲಿನ ಸಂಬಳಪಟ್ಟಿಯಲ್ಲೇ ಮುಂದುವರಿಯುವುದು. ನನ್ನದು ಇದೇ. ಮೂರನೆಯದು, ರಾಜೀನಾಮೆ ಕೊಟ್ಟು ‘ಕನ್ಸಲ್ಟೆಂಟ್’ ಆಗುವುದು. ಇದನ್ನು ಸಿಹಿಯಾಗಿ ಹೇಳುತ್ತಾರೆ, ನಂಬಬೇಡಿ. ಪಿಎಫ್ ಹೋಯಿತು, ಸಂಬಳದ ರಜೆ ಹೋಯಿತು. ಗ್ರಾಚ್ಯುಟಿಗೆ ಐದು ವರ್ಷ ತುಂಬಲು ಇನ್ನೂ ಕೆಲವು ತಿಂಗಳಿದ್ದವಳೊಬ್ಬಳು ಆತುರಕ್ಕೆ ಸಹಿ ಹಾಕಿ ಅದನ್ನೂ ಬಿಟ್ಟುಕೊಟ್ಟಳು.

ಪತ್ರ ಕೈಗೆ ಬಂದಾಗ ಪ್ರತಿ ಪದ ಓದಿ. ನನ್ನ ಪತ್ರದಲ್ಲಿ ‘ತಾತ್ಕಾಲಿಕವಾಗಿ’ ಅಂತಿತ್ತು. ತಾತ್ಕಾಲಿಕ ಅಂದರೆ ಎಷ್ಟು ದಿನ? ನಾಳೆಯೂ ಆಗಬಹುದು. ಅದನ್ನು ತೆಗೆಸಿ, ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಅಂತ ಬರೆಸಲು ಮೂರು ವಾರ ಹಿಡಿಯಿತು. ಮೂರು ವಾರವೂ ಬೆನ್ನು ಬಿಡಲಿಲ್ಲ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ. ಅದನ್ನೂ ಈಗಲೇ ಕೇಳಿಟ್ಟುಕೊಳ್ಳಿ.

ಊರು ಮರೆಮಾಚಲು ವಿಪಿಎನ್ ಹಾಕಿಕೊಂಡರಾಯಿತು ಅನ್ನುವ ಸಲಹೆಯೂ ಬರುತ್ತದೆ. ತಿಂಗಳಿಗೆ ಮುನ್ನೂರು ರೂಪಾಯಿಯ ವಿಪಿಎನ್, ‘ಯಾರಿಗೂ ಗೊತ್ತಾಗಲ್ಲ’ ಅನ್ನುವ ಜಾಹೀರಾತು. ಆ ಹನ್ನೊಂದನೇ ದಿನದವಳು ಹಾಕಿಕೊಂಡಿದ್ದೂ ಅದನ್ನೇ.

5. ತೆರಿಗೆ

ಒಬ್ಬ ಸಿಎಯನ್ನು ಹಿಡಿಯಿರಿ, ಅನಿವಾಸಿಗಳ ಲೆಕ್ಕ ಮಾಡಿ ಗೊತ್ತಿರುವವರನ್ನು. ಅವರ ಹತ್ತಿರ ಹೋಗುವ ಮೊದಲು ನಿಮಗೆ ಗೊತ್ತಿರಬೇಕಾದ್ದು ಇಷ್ಟು.

ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಭಾರತದಲ್ಲಿದ್ದರೆ ನೀವು ಬಹುಮಟ್ಟಿಗೆ ಇಲ್ಲಿ ಅನಿವಾಸಿ, ಹೊರಟ ವರ್ಷದ ಲೆಕ್ಕ ಮಾತ್ರ ಸಿಎಯನ್ನೇ ಕೇಳಿ. ಅಲ್ಲಿ ಕೂತು ಮಾಡಿದ ಕೆಲಸದ ಸಂಬಳಕ್ಕೆ ಅಲ್ಲಿ ತೆರಿಗೆ. ಆದರೆ ಸಂಬಳ ಬೀಳುವುದು ಬೆಂಗಳೂರಿನ ಖಾತೆಗೆ, ಹಾಗಾಗಿ ಕಂಪನಿ ಇಲ್ಲೂ ಟಿಡಿಎಸ್ (ಸಂಬಳ ಕೊಡುವಾಗಲೇ ಕಡಿಯುವ ತೆರಿಗೆ) ಹಿಡಿಯುತ್ತದೆ. ಎರಡು ಕಡೆ ಕಡಿತ. ಭಾರತ–ಬ್ರಿಟನ್ ನಡುವೆ ಎರಡು ಸಲ ತೆರಿಗೆ ಬೀಳದಂತೆ ಒಪ್ಪಂದವಿದೆ. ಅದರ ಲಾಭ ಸಿಗಬೇಕಾದರೆ ಬ್ರಿಟನ್ ತೆರಿಗೆ ಇಲಾಖೆಯಿಂದ ನಿವಾಸ ಪ್ರಮಾಣಪತ್ರ (ಟಿಆರ್‌ಸಿ) ತರಬೇಕು, ಇಲ್ಲಿ ರಿಟರ್ನ್ ಹಾಕಿ ಹಿಡಿದ ದುಡ್ಡು ವಾಪಸ್ ಕೇಳಬೇಕು.

ದುಡ್ಡಿನಲ್ಲಿ ನೋಡಿ. 20 ಲಕ್ಷ ಸಂಬಳ, ಪೌಂಡಿಗೆ 115 ರೂಪಾಯಿ ಹಿಡಿದರೆ ಸುಮಾರು 17,390 ಪೌಂಡ್. ಅಲ್ಲಿ ಮೊದಲ 12,570ಕ್ಕೆ ತೆರಿಗೆಯಿಲ್ಲ, ಉಳಿದದ್ದಕ್ಕೆ ಶೇ 20. ಅಂದರೆ ಸುಮಾರು 964 ಪೌಂಡ್, ಒಂದು ಲಕ್ಷದ ಹತ್ತು ಸಾವಿರ ರೂಪಾಯಿ. ಇಲ್ಲಿ ಹಿಡಿಯುವ ಟಿಡಿಎಸ್ ಇದಕ್ಕಿಂತ ಎಷ್ಟೋ ಜಾಸ್ತಿ. ಸುಮ್ನೆ ಬಿಟ್ಟುಕೊಡುವ ದುಡ್ಡಲ್ಲ.

ಇನ್ನೊಂದು ತಮಾಷೆ: ನಮ್ಮ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿದರೆ ಅವರದು ಏಪ್ರಿಲ್ 5ಕ್ಕೆ. ಸಂಬಳದ ಚೀಟಿಗಳನ್ನು ತಿಂಗಳ ಲೆಕ್ಕದಲ್ಲಲ್ಲ, ತಾರೀಕಿನ ಲೆಕ್ಕದಲ್ಲಿ ಜೋಡಿಸಿಡಿ. ಬ್ರಿಟನ್ನಿನ ಆನ್‌ಲೈನ್ ರಿಟರ್ನಿಗೆ ಜನವರಿ 31 ಕೊನೆ. ವಿಮಾನದ ಬೋರ್ಡಿಂಗ್ ಪಾಸ್ ಒಂದನ್ನೂ ಬಿಸಾಡಬೇಡಿ, ದಿನ ಎಣಿಸಲು ಬೇಕು. ನಾನು ಹಳೆಯ ಲಗ್ನಪತ್ರಿಕೆ ಕವರಿನಲ್ಲಿ ಇಟ್ಟುಕೊಂಡಿದ್ದೇನೆ. ಐದು ಹೊಸದು ಅಚ್ಚಾದ ಮೇಲೆ ಹಳೆಯವು ರಾಶಿ ಉಳಿದಿದ್ದವು.

6. ಬ್ಯಾಂಕು ಮತ್ತು ಸಿಮ್

ಬ್ಯಾಂಕಿಗೆ ಹೇಳಿ ಉಳಿತಾಯ ಖಾತೆಯನ್ನು ಅನಿವಾಸಿಗಳ ಖಾತೆ, ಅಂದರೆ ಎನ್‌ಆರ್‌ಒ ಮಾಡಿಸಿ. ಇಲ್ಲಿರುವಾಗಲೇ ಮಾಡಿಸಿ, ಅಲ್ಲಿಂದ ಕೊರಿಯರ್ ಕಳಿಸುತ್ತಾ ಕೂರಬೇಡಿ.

ಸಿಮ್ ಬಗ್ಗೆ ಯಾರೂ ಹೇಳುವುದಿಲ್ಲ. ಪಿಎಫ್, ಬ್ಯಾಂಕು, ಆದಾಯ ತೆರಿಗೆ, ಆಧಾರ್, ಎಲ್ಲದರ ಒಟಿಪಿ ಬರುವುದು ಇಲ್ಲಿನ ನಂಬರಿಗೆ. ರೀಚಾರ್ಜ್ ಇಲ್ಲದೆ, ಬಳಕೆಯಿಲ್ಲದೆ 90 ದಿನ ಕಳೆದರೆ ನಂಬರು ಕೈತಪ್ಪಬಹುದು. ರೋಮಿಂಗ್ ಚಾಲೂ ಇಟ್ಟು, ಕಡಿಮೆ ದರದ ಪ್ಲಾನ್ ಹಾಕಿಸಿ, ರೀಚಾರ್ಜ್ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿ. ನಮ್ಮ ಮನೆಯಲ್ಲಿ ಅದು ಅಮ್ಮನ ಕೆಲಸ. ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ತಾರೀಕಿಗೆ ಸುತ್ತು ಹಾಕಿಟ್ಟಿದ್ದಾಳೆ.

7. ಗಡಿಯಾರ

ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಐದೂವರೆ. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಿಸುತ್ತಾರೆ. ಬೆಂಗಳೂರಿನ ಒಂಬತ್ತೂವರೆ ಮೀಟಿಂಗ್ ಡಿಸೆಂಬರ್‌ನಲ್ಲಿ ನನಗೆ ಬೆಳಗಿನ ನಾಲ್ಕು ಗಂಟೆ. ಆ ಹೊತ್ತಿಗೆ ಮನೆಯ ಹೀಟಿಂಗ್ ಶುರುವಾಗಿರುವುದಿಲ್ಲ. ಶಾಲು ಹೊದ್ದು, ರಾತ್ರಿಯೇ ಇಳಿಸಿಟ್ಟ ಡಿಕಾಕ್ಷನ್‌ಗೆ ಹಾಲು ಬೆರೆಸಿಕೊಂಡು, ಅತ್ತೆ ಏಳದ ಹಾಗೆ ಅಡುಗೆಮನೆ ಬಾಗಿಲು ಹಾಕಿಕೊಂಡು ಕೂರುತ್ತೇನೆ. ಮೀಟಿಂಗನ್ನು ಹನ್ನೊಂದೂವರೆಗೆ ಹಾಕಿ ಎಂದು ಮೊದಲೇ ಕೇಳಿ, ಪತ್ರದಲ್ಲೇ ಬರೆಸಿಕೊಳ್ಳಿ. ನಾನು ಬರೆಸಿಕೊಳ್ಳಲಿಲ್ಲ.